ಸೂಚಕನ ಓಟು

ತಳಕು ಹೋಬಳಿಯವರ ಪಾಡೇ ಬೇರೆ. ಪಹಣಿ ಬೇಕೆಂದರೆ ಚಳ್ಳಕೆರೆಗೆ ಓಡಬೇಕು, ಓಟು ಬಂದಾಗ ಮೊಳಕಾಲ್ಮೂರು ಕ್ಷೇತ್ರದವರಾಗಿಬಿಡಬೇಕು. ಚಳ್ಳಕೆರೆಯ ದೊಡ್ಡವರು ‘ನೀವು ಆ ಕಡೆಯವರು’ ಅನ್ನುತ್ತಾರೆ, ಮೊಳಕಾಲ್ಮೂರಿನ ದೊಡ್ಡವರು ‘ನೀವು ನಮ್ಮವರಲ್ಲವಲ್ಲ’ ಅನ್ನುತ್ತಾರೆ. ಹೀಗೆ ಇಬ್ಬರಿಗೂ ಬೇಡವಾದ ಹಟ್ಟಿಗಳನ್ನೆಲ್ಲ ಪಕ್ಷದ ಕಡೆಗೆ ಎಳೆದು ತಂದವನು ಕಾಮಣ್ಣ. ಹಳೇ ಬೈಕು, ಹೆಗಲ ಮೇಲೊಂದು ಟವೆಲ್ಲು, ಅರ್ಧ ಕನ್ನಡ ಅರ್ಧ ತೆಲುಗಿನ ಮಾತು. ಯಾವ ಮುದುಕಿಗೆ ಪಿಂಚಣಿ ನಿಂತಿದೆ, ಯಾವ ಹಟ್ಟಿಯ ಬೋರ್‌ವೆಲ್ ಕೆಟ್ಟಿದೆ ಅನ್ನುವುದೆಲ್ಲ ಅವನ ನಾಲಿಗೆಯ ತುದಿಯಲ್ಲಿ. ಇಷ್ಟೆಲ್ಲ ಮಾಡಿ, ಹೆಸರಿಗೊಂದು ಬೂತಿನ ಅಧ್ಯಕ್ಷಗಿರಿ ಬಿಟ್ಟರೆ, ಪಕ್ಷದಲ್ಲಿ ಅವನಿಗೆ ಸಿಕ್ಕ ಕೆಲಸವೆಂದರೆ ಸಭೆಗೆ ಕುರ್ಚಿ ಹಾಕಿಸುವುದು. ಯಾರನ್ನು ಎಲ್ಲಿ ಕೂರಿಸಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನನ್ನು ಎಲ್ಲಿ ಕೂರಿಸಬೇಕೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಪಕ್ಷದ ಕ್ಷೇತ್ರಾಧ್ಯಕ್ಷನ ಹೆಸರು ಅದುವರೆಗೂ ಮೇಲಿನಿಂದ ಬರುತ್ತಿತ್ತು. ಯಾರೋ ಬಂದು ಹೆಸರು ಓದುತ್ತಿದ್ದರು, ಉಳಿದವರು ಹಾರ ತರಲು ಓಡುತ್ತಿದ್ದರು. ಈ ಸಲ ಮೇಲಿನವರಿಗೆ ಏನು ಬುದ್ಧಿ ಬಂತೋ, ಅಧ್ಯಕ್ಷನನ್ನು ಕೆಳಗಿನವರೇ ಆರಿಸಲಿ, ಗುಪ್ತ ಮತದಾನ ಆಗಲಿ ಅಂದುಬಿಟ್ಟರು. ಓಟು ಬೂತ್ ಅಧ್ಯಕ್ಷರಿಗೆ, ಮಹಿಳಾ ಘಟಕದಂಥ ಘಟಕಗಳ ಅಧ್ಯಕ್ಷರಿಗೆ ಮಾತ್ರ. ಚುನಾವಣೆಗೆ ನಿಲ್ಲುವವನು ತನ್ನ ಬೂತಿನ ಅಧ್ಯಕ್ಷತೆಯನ್ನು ಬೇರೆಯವನಿಗೆ ಬಿಟ್ಟುಕೊಡಬೇಕು, ಅಂದರೆ ಅವನಿಗೇ ಓಟಿಲ್ಲ. ಅರ್ಜಿಗೆ ಒಬ್ಬ ಸೂಚಕ, ಒಬ್ಬ ಅನುಮೋದಕ ಸಹಿ ಹಾಕಬೇಕು.

ಈ ಸುದ್ದಿ ಬಂದ ದಿನವೇ ರಾಮಾಂಜನೇಯ ಕಾಮಣ್ಣನ ಜಗಲಿ ಏರಿದ. ಇವನು ಅದೇ ಹಟ್ಟಿಯವನು, ಇನ್ನೊಂದು ಬೂತಿನ ಅಧ್ಯಕ್ಷ, ಕುರಿ ವ್ಯಾಪಾರಿ. ಕಾಮಣ್ಣನಿಗೆ ವರಸೆಯಲ್ಲಿ ತಮ್ಮನಾಗಬೇಕು. ಕುರಿಯ ಬೆನ್ನು ಮುಟ್ಟಿ ತೂಕ ಹೇಳುವ ಜಾಣ, ಅದೇ ಜಾಣತನ ಮನುಷ್ಯರ ವಿಚಾರದಲ್ಲೂ ತನಗಿದೆ ಎಂದು ನಂಬಿದ್ದ.

“ಅಣ್ಣ, ನೀನು ನಿಂತ್ಕಾ,” ಅಂದ.

ಕಾಮಣ್ಣ ನಕ್ಕ. “ನಾನು ಕುರ್ಚಿ ಹಾಕೋನು ಕಣಲೇ, ಕುಂದ್ರೋನಲ್ಲ.”

“ಸೂಚಕನ ಜಾಗದಾಗೆ ನನ್ನ ಸಹಿ ಇರ್ತೈತೆ. ಹಟ್ಟಿ ಬೂತುಗಳೆಲ್ಲ ನಮ್ಮೋರವೇ. ಯಾರು ಕೈ ಬಿಟ್ರೂ ನಾನು ಬಿಡಂಗಿಲ್ಲ.”

ಯಾರೂ ಕೇಳಿರಲಿಲ್ಲ, ಯಾರೂ ಆಣೆ ಇಡಿಸಿರಲಿಲ್ಲ. ತಾನಾಗಿ ಹೋಗಿ ಕೊಟ್ಟ ಮಾತು ಅದು. ಒಳಗಿನಿಂದ ಕಾಮಣ್ಣನ ಹೆಂಡತಿ ಮೂಗಮ್ಮ ಬಂದು ಬಾಗಿಲಲ್ಲಿ ನಿಂತು, “ಇವ್ರು ನಿಂತು ಸೋತ್ರೆ ನಾಕು ಜನ ನಗ್ತಾರಪ್ಪ ರಾಮಾಂಜಿ. ಯೋಚನೆ ಮಾಡಿ ಹೇಳು,” ಅಂದಳು. “ಸೋಲೋ ಮಾತೇ ಇಲ್ಲ ಬಿಡತ್ತಿಗೆ,” ಅಂದ ಇವನು. ಕಾಮಣ್ಣ ತನ್ನ ಬೂತನ್ನು ಮೂಗಮ್ಮನ ತಮ್ಮನ ಮಗ ಈರೇಶನಿಗೆ ಬಿಟ್ಟುಕೊಟ್ಟ. ಲಗೇಜ್ ಆಟೊ ಓಡಿಸುವ ಈರೇಶ್ ಅನುಮೋದಕನಾಗಿ ಸಹಿ ಹಾಕಿದ. ಅರ್ಜಿ ಕೊಡುವ ದಿನ ಕಾಮಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ಅವನನ್ನು ಇಸ್ತ್ರಿ ಅಂಗಿಯಲ್ಲಿ ಹಟ್ಟಿಯವರು ನೋಡಿದ್ದು ಅದೇ ಮೊದಲು.

ಎದುರಿಗೆ ನಿಂತವನು ಮಲ್ಲಿಕ್. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲು ನಡೆಸುವ ಜಂಬುಲಿಂಗಪ್ಪನವರ ಮಗ. ತಳಕಿನ ಹತ್ತಿರ ಜಮೀನಿತ್ತು, ಓಟಿನ ಪಟ್ಟಿಯಲ್ಲಿ ಹೆಸರೂ ಅಲ್ಲೇ ಇತ್ತು, ಆದ್ದರಿಂದ ಈ ಕ್ಷೇತ್ರದವನೇ. ಕೆಟ್ಟವನೆಂದು ಹೇಳುವ ಹಾಗಿಲ್ಲ. ಯಾರ ಜೊತೆಗೂ ಏರುದನಿಯಲ್ಲಿ ಮಾತಾಡಿದವನಲ್ಲ. ಕುರಿ ಸಂತೆಗೆಂದು ರಾಮಾಂಜನೇಯ ಚಳ್ಳಕೆರೆಗೆ ಹೋದ ದಿನ ಮಿಲ್ಲಿಗೆ ಕರೆಸಿಕೊಂಡು, ಪಕ್ಕದಲ್ಲೇ ಕೂರಿಸಿ, ತಟ್ಟೆಗೆ ತಾನೇ ಬಡಿಸಿದ. ಮಿಲ್ಲಿನಲ್ಲಿ ಹಿಂಡಿಯ ಬಿಸಿ ವಾಸನೆ ತುಂಬಿತ್ತು.

“ರಾಮಾಂಜಣ್ಣ, ಕಾಮಣ್ಣನ ಮೇಲೆ ನನಗೂ ಗೌರವ ಐತೆ. ಅವರು ಬೇಡ ಅಂತ ನಾನು ಹೇಳಲ್ಲ. ಆದ್ರೆ ಅಧ್ಯಕ್ಷ ಅಂದ್ರೆ ಬೆಂಗಳೂರಿಗೆ ಹೋಗಿ ದೊಡ್ಡೋರ ಹತ್ರ ಮಾತಾಡ್ಬೇಕು. ಅವ್ರು ಬಾಗಿಲಾಗೇ ನಿಂತು ವಾಪಸ್ ಬರ್ತಾರೆ,” ಅಂದ. ಆಮೇಲೆ ನಿಧಾನವಾಗಿ, “ತಾಲ್ಲೂಕು ಪಂಚಾಯ್ತಿಗೆ ನಿಮ್ಮ ಕಡೆ ಸೀಟು ಹೆಂಗಸರಿಗೆ ಬರೋ ಹಂಗೈತೆ. ನಮ್ಮ ಗಂಗಲಕ್ಷ್ಮಕ್ಕನ ಹೆಸರು ನನ್ನ ತಲೇಲೈತೆ. ಓಟು ಒತ್ತಿದ ಮೇಲೆ ಒಂದು ಫೋಟೊ ಕಳಿಸ್ರಿ, ಅಷ್ಟೇ. ನಂಬಿಕೆ ಇಲ್ಲ ಅಂತಲ್ಲ, ಲೆಕ್ಕ ಗೊತ್ತಿರ್ಲಿ ಅಂತ,” ಅಂದ.

ಗಂಗಲಕ್ಷ್ಮಿ ರಾಮಾಂಜನೇಯನ ಹೆಂಡತಿ. ತಾಲ್ಲೂಕು ಪಂಚಾಯ್ತಿ ಚುನಾವಣೆ ಎಂದೋ ನಡೆಯಬೇಕಿತ್ತು, ನಡೆದಿರಲಿಲ್ಲ, ಎಂದು ನಡೆಯುತ್ತದೋ ದೇವರಿಗೂ ತಿಳಿದಿರಲಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರನ್ನು ನಾವು ನೋಡಿದ್ದೇವೆ. ಇದು ಗರ್ಭವೇ ನಿಲ್ಲದ ಮನೆಯಲ್ಲಿ ಕುಲಾವಿ. ಆದರೂ ಹಟ್ಟಿಗೆ ವಾಪಸಾಗುವ ಬಸ್ಸಿನಲ್ಲಿ ರಾಮಾಂಜನೇಯನ ಕಣ್ಣಿಗೆ ಗೋಡೆಗೋಡೆಯ ಮೇಲೂ ಹೆಂಡತಿಯ ಫೋಟೊ ಕಂಡಿತು, ಅದರ ಕೆಳಗೆ ತನ್ನ ಹೆಸರೂ ಕಂಡಿತು.

ಕಾಮಣ್ಣನಿಗೆ ದ್ರೋಹ ಮಾಡಬೇಕೆಂದು ಅವನು ಅಂದುಕೊಳ್ಳಲಿಲ್ಲ. ಹಾಗೆ ನೇರವಾಗಿ ಯಾರೂ ಅಂದುಕೊಳ್ಳುವುದಿಲ್ಲ. ಹಟ್ಟಿ ಬೂತುಗಳೇ ಹೆಚ್ಚು, ಅವೆಲ್ಲ ಕಾಮಣ್ಣನಿಗೇ ಬೀಳುತ್ತವೆ, ಅವನು ಗೆದ್ದೇ ಗೆಲ್ಲುತ್ತಾನೆ. ನನ್ನದೊಂದು ಆ ಕಡೆ ಬಿದ್ದರೆ ಏನಾಗುತ್ತದೆ? ಅಧ್ಯಕ್ಷ ನಮ್ಮವನಾಗುತ್ತಾನೆ, ಮಿಲ್ಲಿನವರ ಸಿಟ್ಟೂ ತಪ್ಪುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಂಥ ಗಾದೆಗಳನ್ನು ನಮ್ಮ ಹಿರಿಯರು ಮಾಡಿಟ್ಟಿದ್ದೇ ಇಂಥವರ ಅನುಕೂಲಕ್ಕೇನೋ ಅನ್ನಿಸುತ್ತದೆ.

ಮತದಾನ ಮೊಳಕಾಲ್ಮೂರಿನ ಒಂದು ಕಲ್ಯಾಣಮಂಟಪದಲ್ಲಿ. ರಾಮಾಂಜನೇಯ ಹೋಗುವ ಹೊತ್ತಿಗೆ ಅಭ್ಯರ್ಥಿ ಕಾಮಣ್ಣ ಇಸ್ತ್ರಿ ಅಂಗಿಯ ತೋಳು ಮಡಚಿಕೊಂಡು ಕುರ್ಚಿ ಸಾಲು ಮಾಡುತ್ತಿದ್ದ. ಬೇರೆ ಊರಿನಿಂದ ಬಂದ ವೀಕ್ಷಕ ಅವನನ್ನು ಮಂಟಪದ ಆಳೆಂದು ತಿಳಿದು ನೀರು ತರಲು ಹೇಳಿದ. ಇವನು ತಂದೂ ಕೊಟ್ಟ. “ಅಣ್ಣ, ಇವತ್ತಾದ್ರೂ ಕುಂದ್ರಬಾರ್ದಾ,” ಅಂದ ರಾಮಾಂಜನೇಯ. “ಕುಂತ್ರೆ ಕೈಕಾಲು ನಡುಗ್ತಾವೆ ಕಣಲೇ,” ಅಂದ ಕಾಮಣ್ಣ.

ಬಟ್ಟೆ ಕಟ್ಟಿದ ಮರೆಯೊಳಗೆ ರಾಮಾಂಜನೇಯ ಮಲ್ಲಿಕನ ಹೆಸರಿನ ಮುಂದೆ ಮುದ್ರೆ ಒತ್ತಿದ, ಮೊಬೈಲು ತೆಗೆದು ಫೋಟೊ ಹಿಡಿದ, ಅಲ್ಲಿಂದಲೇ ಕಳಿಸಿದ. ಆ ಕಡೆಯಿಂದ ಹೆಬ್ಬೆರಳಿನ ಚಿತ್ರ ಬಂತು. ಕೈ ಒಂದಿಷ್ಟೂ ನಡುಗಲಿಲ್ಲ. ಹೊರಗೆ ಬಂದು ಕಾಮಣ್ಣನ ಭುಜ ತಟ್ಟಿದ.

ಎಣಿಕೆ ಮುಗಿಯಲು ಎಷ್ಟು ಹೊತ್ತು ಬೇಕು? ವೀಕ್ಷಕ ಚೀಟಿ ಬಿಡಿಸಿ ಬಿಡಿಸಿ “ಮಲ್ಲಿಕ್” ಅನ್ನುತ್ತಲೇ ಹೋದ. ಮೊದಮೊದಲು ರಾಮಾಂಜನೇಯ, ನಮ್ಮವು ಅಡಿಯಲ್ಲಿರಬೇಕು ಅಂದುಕೊಂಡ. ಆಮೇಲೆ ಅಂದುಕೊಳ್ಳುವುದನ್ನು ಬಿಟ್ಟ. ನಡುವೆ ಎಲ್ಲೋ ಒಮ್ಮೆ “ಕಾಮಣ್ಣ” ಅಂತ ಬಂತು, ಮತ್ತೆ ಬರಲಿಲ್ಲ. ಪೆಟ್ಟಿಗೆ ಖಾಲಿಯಾಯಿತು. ಅಷ್ಟೂ ಬೂತುಗಳು ಸೇರಿ ಕಾಮಣ್ಣನಿಗೆ ಒಂದೇ ಒಂದು ಓಟು.

ಹಟ್ಟಿಗಳ ಅಧ್ಯಕ್ಷರೆಲ್ಲ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎಲ್ಲರದೂ ಒಂದೇ ಲೆಕ್ಕವಾಗಿತ್ತು. ಉಳಿದವರು ಹಾಕುತ್ತಾರೆ, ನನ್ನದೊಂದು ಹೋದರೇನು ಎಂದು ಎಲ್ಲರೂ ಮಿಲ್ಲಿನ ಊಟ ಉಂಡು ಬಂದಿದ್ದರು. ಪಟಾಕಿ ಹೊಡೆದರು. ಕಾಮಣ್ಣ ಮುಂದೆ ಹೋಗಿ ಮಲ್ಲಿಕನ ಕೈ ಕುಲುಕಿದ, ಆಮೇಲೆ ಯಾವ ಕೆಲಸಕ್ಕೆ ಬಂದಿದ್ದೆ ಎಂಬುದು ಮರೆತವನ ಹಾಗೆ ನಿಂತುಬಿಟ್ಟ.

ರಾಮಾಂಜನೇಯ ಮುಖ ತೊಳೆಯಲು ಮಂಟಪದ ಹಿಂದಿನ ನಲ್ಲಿಗೆ ಹೋದ. ಅಲ್ಲಿಗೆ ದ್ರಾಕ್ಷಾಯಣಮ್ಮ ಬಂದರು. ಮಹಿಳಾ ಘಟಕದ ಅಧ್ಯಕ್ಷೆ. ಜಂಬುಲಿಂಗಪ್ಪನವರ ಅತ್ತಿಗೆ, ಮಲ್ಲಿಕನಿಗೆ ದೊಡ್ಡಮ್ಮ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ತಣ್ಣಗೆ ಹೇಳಿದರು: “ಆ ಒಂದು ಓಟು ನಂದು.”

ರಾಮಾಂಜನೇಯನ ಕೈಯಲ್ಲಿದ್ದ ನೀರು ಸೋರಿಹೋಯಿತು.

“ಬಿಸಿಲಾಗೆ ನನ್ನ ಜೊತೆ ಮನೆ ಮನೆ ತಿರುಗಿದೋನು ಅವನು. ನಮ್ಮ ಹುಡುಗನಿಗೆ ಹಟ್ಟಿ ದಾರೀನೂ ಗೊತ್ತಿಲ್ಲ. ಮನೆಯೋಳು ಅಂತ ನನ್ನ ಓಟಿನ ಫೋಟೊ ಯಾರೂ ಕೇಳ್ಲಿಲ್ಲ, ಅವನಿಗೇ ಹಾಕ್ದೆ. ಮೂರಾದ್ರೂ ಬರ್ತಾವೆ ಅಂದ್ಕೊಂಡಿದ್ದೆನಪ್ಪ. ನಂದು, ಸಹಿ ಹಾಕಿದ ನಿಮ್ಮಿಬ್ಬರದು.” ಸುರಿಯುತ್ತಿದ್ದ ನಲ್ಲಿ ನಿಲ್ಲಿಸಿದರು. “ಬೆಳಿಗ್ಗೆಯಿಂದ ಮಲ್ಲಿಕನ ಪಕ್ಕದಾಗೇ ಕುಂತಿದ್ದೆ. ಫೋಟೊ ಬಂದಂಗೆಲ್ಲ ತೋರಿಸ್ತಿದ್ದ. ನಿಂದೂ ಬಂತು.”

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. “ನನ್ನ ಹೆಸರು ಎಲ್ಲೂ ಎತ್ತಬ್ಯಾಡ. ನಾನು ಆ ಮನೇಲೇ ಬಾಳ್ಬೇಕು,” ಎಂದು ಸೆರಗು ಸರಿಮಾಡಿಕೊಂಡು ಹೋದರು. ರಾಮಾಂಜನೇಯನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅಂಥ ನಾಚಿಕೆಯ ನಡುವೆಯೂ ಒಂದು ಸಣ್ಣ ಸಮಾಧಾನ ತಲೆ ಹಾಕಿತು: ಇವರು ಬಾಯಿ ಬಿಡುವುದಿಲ್ಲ. ಆ ಸಮಾಧಾನ ಗೊತ್ತಾದ ಮೇಲೆ ಮತ್ತಷ್ಟು ನಾಚಿಕೆಯಾಯಿತು.

ಈರೇಶ್ ಯಾವಾಗಲೋ ಆಟೊ ಹತ್ತಿ ಮಾಯವಾಗಿದ್ದ. ಬಸ್ಸಿನಲ್ಲಿ ವಾಪಸಾಗುವಾಗ ಕಾಮಣ್ಣ, ರಾಮಾಂಜನೇಯ ಒಂದೇ ಸೀಟಿನಲ್ಲಿ ಕೂತರು. ಬಸ್ಸು ದಾರಿಯ ಹಾನಗಲ್ ಹಳ್ಳಿ ದಾಟಿತು. ಕಾಮಣ್ಣ ಕಿಟಕಿ ಕಡೆ ನೋಡುತ್ತ, “ಒಂದೂ ಬರದಿದ್ರೆ ನಾನು ಇವತ್ತು ಊರಿಗೆ ಬರ್ತಿರ್ಲಿಲ್ಲ ಕಣಲೇ. ನಿಂದೊಂದು ಬಂತಲ್ಲ, ಸಾಕು,” ಅಂದ.

ಅಲ್ಲ ಅನ್ನಲು ಒಂದು ಉಸಿರಿನಷ್ಟು ಸಮಯವಿತ್ತು. ರಾಮಾಂಜನೇಯ ಕೆಮ್ಮಿದ. ಕಂಡಕ್ಟರ್ ಬಂದ, ಟಿಕೆಟ್ ಕೇಳಿದ, ಆ ಸಮಯ ಕಳೆದುಹೋಯಿತು.

ಮನೆಯಲ್ಲಿ ಗಂಗಲಕ್ಷ್ಮಿ ಅದೇ ಕೇಳಿದಳು: “ಆ ಒಂದು ನೀನೇ ತಾನೆ ಹಾಕಿದ್ದು?” ಅವಳ ಮುಂದೆ ಸುಳ್ಳು ನಡೆಯುವುದಿಲ್ಲ. ಮಿಲ್ಲು, ಊಟ, ತಾಲ್ಲೂಕು ಪಂಚಾಯ್ತಿ, ಫೋಟೊ, ದ್ರಾಕ್ಷಾಯಣಮ್ಮ, ಎಲ್ಲ ಹೇಳಿದ. ನಿನಗೋಸ್ಕರವೇ ಮಾಡಿದ್ದು ಅಂತಲೂ ಸೇರಿಸಿದ.

“ನಾನು ಕೇಳಿದ್ನಾ?” ಅಂದಳು ಅವಳು. “ನಿಮ್ಮಣ್ಣನ ಮನೆ ರೊಟ್ಟಿ ತಿಂದು ಬೆಳೆದೀಯ ನೀನು. ನಿಮ್ಮವ್ವ ಮಲಗಿದಾಗ ಆಸ್ಪತ್ರೆಗೆ ಹೊತ್ಕೊಂಡು ಹೋದೋನು ಯಾರು? ಬೆಳಿಗ್ಗೆ ಎದ್ದು ಮೊದಲು ಹೋಗಿ ಹೇಳು. ದ್ರಾಕ್ಷಾಯಣಮ್ನೋರ ಹೆಸರು ಬ್ಯಾಡ. ನಂದಲ್ಲ ಅಂತ ಹೇಳಿದ್ರೆ ಸಾಕು.”

ನಂದಲ್ಲ. ಬರೀ ಅಷ್ಟೇ. ಬೆಳಿಗ್ಗೆ ಹೋದ. ಹೋಗುವಾಗ ದಾರಿಯುದ್ದಕ್ಕೂ ಆ ಒಂದು ಮಾತನ್ನೇ ಬಾಯಿಪಾಠ ಮಾಡಿಕೊಂಡು ಹೋದ.

ಮೂಗಮ್ಮ ಅಂಗಳದಲ್ಲೇ ಎದುರಾದಳು. ಅವಳ ಕಣ್ಣು ಊದಿತ್ತು, ಆದರೂ ಇವನನ್ನು ಕಂಡು ಮುಖ ಅರಳಿತು. “ಬಾರಪ್ಪ. ನಿನ್ನೆ ಬಂದೋರು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ರು. ಏನು ಹೇಳಿದ್ರೂ ಏಳ್ಲಿಲ್ಲ. ‘ರಾಮಾಂಜಿ ಒಬ್ಬ ನಿಂತ್ನಲ್ಲ, ಅವನ ಮುಖ ನೋಡಿ ಏಳ್ರಿ’ ಅಂದ್ಮೇಲೆ ಎದ್ದು ಮುದ್ದೆ ಉಂಡ್ರು. ನೀನು ಹಿಂಗೆ ಮಾಡದಿದ್ರೆ ನಮ್ಮ ಮನೆ ಗತಿ ಏನಾಗ್ತಿತ್ತೋ,” ಎಂದು ಅವನ ಕೈ ಹಿಡಿದುಕೊಂಡಳು.

ಬಾಯಿಪಾಠ ಮಾಡಿದ್ದ ಮಾತು ಬಿಸಿ ತುಪ್ಪವಾಯಿತು. ಈಗ ಹೇಳಿದರೆ ಆ ಮನುಷ್ಯ ಮತ್ತೆ ಗೋಡೆಗೆ ಮುಖ ಮಾಡುತ್ತಾನೆ, ಅವನಿಗಾಗಿಯೇ ಸುಮ್ಮನಿರುತ್ತೇನೆ ಅಂದುಕೊಂಡ. ಹೇಡಿತನಕ್ಕೆ ಕರುಣೆಯ ಅಂಗಿ ತೊಡಿಸಿದರೆ ಎಷ್ಟು ಚೆನ್ನಾಗಿ ಒಪ್ಪುತ್ತದೆ ನೋಡಿ.

ಅಷ್ಟರಲ್ಲಿ ಕಾಮಣ್ಣ ಹೊರಗೆ ಬಂದ. “ಬಂದ್ಯಾ? ನಾನೇ ಕಳಿಸ್ಬೇಕು ಅಂತಿದ್ದೆ. ಭಾನುವಾರ ಗುಡಿ ಮುಂದೆ ನಿನಗೆ ಕಂಬಳಿ ಹೊದಿಸ್ಬೇಕು ಅಂತ ಮಾಡೀನಿ.”

ಆ ಹಟ್ಟಿಯಲ್ಲಿ ಕಂಬಳಿ ಹೊದಿಸುವುದೆಂದರೆ ಶಾಲು ಹೊದಿಸಿ ಫೋಟೊ ಹಿಡಿಸಿಕೊಂಡ ಹಾಗಲ್ಲ. ಕೊಟ್ಟ ಮಾತಿಗೆ ನಿಂತವನಿಗೆ, ಅದೂ ತಲೆಮಾರಿಗೆ ಒಬ್ಬರಿಗೋ ಇಬ್ಬರಿಗೋ, ಗುಡಿಯ ಮುಂದೆ ಕರಿ ಕಂಬಳಿ ಹೊದಿಸುತ್ತಾರೆ. ಅವತ್ತಿನಿಂದ ನ್ಯಾಯ ಪಂಚಾಯ್ತಿಯಲ್ಲಿ ಅವನ ಮಾತಿಗೆ ಸಾಕ್ಷಿ ಕೇಳುವುದಿಲ್ಲ. ಅವನು ಹೇಳಿದ್ದೇ ನಿಜ.

“ಅದೆಲ್ಲ ಯಾಕಣ್ಣ. ಬ್ಯಾಡ,” ಅಂದ ರಾಮಾಂಜನೇಯ. ಅವನ ಧ್ವನಿ ನಿಜವಾಗಿಯೂ ಒಡೆದಿತ್ತು.

“ನೋಡಿದ್ಯಾ ಮೂಗಿ, ಇಂಥೋನು ಇವನು,” ಅಂದ ಕಾಮಣ್ಣ ಹೆಂಡತಿಯ ಕಡೆ ತಿರುಗಿ.

ಮನೆಗೆ ಬಂದಾಗ ಗಂಗಲಕ್ಷ್ಮಿ ಹೇಳಿದೆಯಾ ಎಂದು ಕೇಳಿದಳು. ಹೊತ್ತು ನೋಡಿ ಹೇಳುತ್ತೇನೆ ಅಂದ. ಅವಳು ಮತ್ತೆ ಕೇಳಲಿಲ್ಲ. ಭಾನುವಾರದವರೆಗೂ ಊಟಕ್ಕೆ ಬಡಿಸಿದಳು, ಮಾತು ಬಡಿಸಲಿಲ್ಲ.

ಭಾನುವಾರ ಗುಡಿಯ ಮುಂದೆ ಹಟ್ಟಿಯ ಜನವೆಲ್ಲ ಸೇರಿತು. ಬಿಸಿಲು ಆಗಲೇ ಏರಿತ್ತು. ಇನ್ನೇನು ಶುರು ಮಾಡಬೇಕು ಅನ್ನುವಾಗ ಒಂದು ಕಾರು ಬಂದು ನಿಂತಿತು. ಇಳಿದವರು ದ್ರಾಕ್ಷಾಯಣಮ್ಮ. ಸೋತವನ ಮನೆಗೆ ಸಮಾಧಾನ ಹೇಳಿ ಹೋಗೋಣವೆಂದು ಬಂದವರು. ಇಲ್ಲಿ ಏನು ನಡೆಯುತ್ತಿದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಕಾಮಣ್ಣ ಓಡಿಹೋಗಿ ಕುರ್ಚಿ ಹಾಕಿದ.

“ಅಮ್ನೋರ ಮನೆ ಹುಡುಗನೇ ಗೆದ್ದಾನೆ. ಅವರ ಓಟು ಅವರ ಹುಡುಗನಿಗೆ, ಅದು ಧರ್ಮ. ಆದ್ರೂ ನಮ್ಮನ್ನ ನೋಡೋಕೆ ಬಂದ್ರಲ್ಲ, ಅದು ದೊಡ್ಡ ಮನಸ್ಸು,” ಎಂದು ಜನರಿಗೆ ಹೇಳಿದ. ದ್ರಾಕ್ಷಾಯಣಮ್ಮ ತಲೆ ತಗ್ಗಿಸಿ ಕೂತರು.

ಆಗ ಜನದ ಹಿಂದಿನಿಂದ ಈರೇಶ್ ಬಂದ. ಅವತ್ತಿನಿಂದ ಅವನು ಹಟ್ಟಿಯಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಗಡ್ಡ ಬೆಳೆದಿತ್ತು. ಕಾಮಣ್ಣನ ಎದುರು ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದ: “ಮಾವ, ನೀನು ಬಿಟ್ಟುಕೊಟ್ಟ ಬೂತಿನ ಓಟು ನಾನು ನಿನಗೆ ಹಾಕ್ಲಿಲ್ಲ. ಮಿಲ್ಲಿನೋರು ನನ್ನ ಆಟೊಗೆ ಕೊಡೋ ಹಿಂಡಿ ಲೋಡು ನಿಲ್ಲಿಸ್ತಾರೆ ಅಂತ ಹೆದರ್ಕೊಂಡೆ. ಸಹಿ ಮಾಡಿದ ಕೈಯಾಗೇ ಮೋಸ ಮಾಡ್ದೆ. ತಪ್ಪಾತು.”

ಜನ ಗುಜುಗುಜು ಅಂದಿತು. ಮೂಗಮ್ಮ ಸ್ವಂತ ಸೋದರಳಿಯನ ಮುಖಕ್ಕೆ “ಥೂ” ಅಂದಳು. ಯಾರೋ ಹೊರಗೆ ಹೋಗು ಅಂದರು. ಉಳಿದ ಬೂತುಗಳ ಅಧ್ಯಕ್ಷರೂ ಅಲ್ಲೇ ಇದ್ದರು, ಎಲ್ಲರಿಗಿಂತ ಜೋರಾಗಿ ಬೈದವರು ಅವರೇ. ಈರೇಶ್ ಎಲ್ಲವನ್ನೂ ನಿಂತು ಕೇಳಿಸಿಕೊಂಡ. ಅತ್ತ ಮೇಲೆ ಮಕ್ಕಳ ಮುಖ ಇರುತ್ತದಲ್ಲ, ಹಾಗೆ ಅವನ ಮುಖ ಹಗುರವಾಗಿತ್ತು. ರಾಮಾಂಜನೇಯನಿಗೆ ಅವನ ಮೇಲೆ ಹೊಟ್ಟೆಕಿಚ್ಚಾಯಿತು. ಈಗ ಹೇಳಿದರೆ ಇಬ್ಬರಾಗುತ್ತೇವೆ, ಬೈಗುಳ ಹಂಚಿಹೋಗುತ್ತದೆ, ಈಗಲೇ ಹೇಳಿಬಿಡು ಎಂದು ಅವನ ಒಳಗು ಕೂಗಿಕೊಂಡಿತು. ಕುಂಬಳಕಾಯಿ ಕಳ್ಳನಾದರೂ ಹೆಗಲು ಮುಟ್ಟಿ ನೋಡಿಕೊಂಡು ತನ್ನನ್ನು ತಾನು ತೋರಿಸಿಕೊಟ್ಟ. ಇವನು ಹೆಗಲನ್ನೂ ಅಲುಗಿಸಲಿಲ್ಲ.

“ಇರ್ಲಿ ಬಿಡ್ರಪ್ಪ. ಒಬ್ಬ ನಿಂತಾನಲ್ಲ, ಅವನನ್ನ ನೋಡಾನ,” ಎಂದು ಕಾಮಣ್ಣ ಮಡಚಿದ ಕಂಬಳಿ ಎತ್ತಿಕೊಂಡ. ಒಂದು ಹೆಜ್ಜೆ ಇಟ್ಟವನು ನಿಂತು, ಏನೋ ಹೊಳೆದವನಂತೆ ದ್ರಾಕ್ಷಾಯಣಮ್ಮನವರ ಕಡೆ ತಿರುಗಿದ. “ಅಮ್ನೋರೆ, ನಮಗಿಂತ ನೀವು ದೊಡ್ಡೋರು. ನಿಮ್ಮ ಕೈಯಾಗೇ ಹೊದಿಸ್ರಿ.”

ರಾಮಾಂಜನೇಯ ಅವರ ಮುಖ ನೋಡಿದ. ಬೇಡವೆನ್ನಲಿ ಎಂದು ಬೇಡಿಕೊಂಡ. ಅವರು ಅವನನ್ನೇ ನೋಡುತ್ತ, ಅವನು ಏನಾದರೂ ಹೇಳುತ್ತಾನೇನೋ ಎಂದು ಸಾಕಷ್ಟು ಹೊತ್ತು ಕಾದರು. ಆಮೇಲೆ ಎದ್ದು ಬಂದು ಕಂಬಳಿ ಬಿಡಿಸಿ, ತಾಯಿ ಹೊದಿಸಿದ ಹಾಗೆ ಎರಡೂ ಹೆಗಲಿಗೆ ಸಮವಾಗಿ ಹೊದಿಸಿ, ಮುಂದಿನ ಅಂಚನ್ನು ಎದೆಯ ಮೇಲೆ ಎಳೆದು ಸರಿಮಾಡಿದರು. “ಭಾರ ಐತಪ್ಪ,” ಅಂದರು. ಅಷ್ಟೇ ಅಂದರು. ಜನ ಚಪ್ಪಾಳೆ ತಟ್ಟಿತು. ಕಾಮಣ್ಣ ಟವೆಲ್ಲಿನಿಂದ ಕಣ್ಣೊರೆಸಿಕೊಂಡ.

ಕರಿ ಕಂಬಳಿಯೊಳಗೆ ರಾಮಾಂಜನೇಯ ಬೆವರಿದ. ಉಣ್ಣೆ ಕುತ್ತಿಗೆಗೆ ಚುಚ್ಚುತ್ತಿತ್ತು. ಎದುರಿಗೆ ಈರೇಶ್ ಬಂದು ಅವನ ಕಾಲಿಗೆ ಬಿದ್ದ. “ಮಾವ, ನಾನು ಹಾಳು ಮಾಡಿದ್ದನ್ನ ನೀನೊಬ್ಬ ಉಳಿಸ್ದೆ. ನಿನ್ನ ಬಾಯಾಗೆ ಒಂದು ಒಳ್ಳೆ ಮಾತು ಬಂದ್ರೆ ನಾನು ಹಟ್ಟಿಯಾಗೆ ತಲೆ ಎತ್ತಿ ತಿರುಗ್ತೀನಿ,” ಅಂದ.

ಎಲ್ಲರೂ ಕಾದರು. ಸಾಕ್ಷಿ ಬೇಕಿಲ್ಲದವನು ಆಡುವ ಮೊದಲ ಮಾತು ಅದು. ರಾಮಾಂಜನೇಯ ಕಂಬಳಿಯಿಂದ ಬಲಗೈ ಹೊರತೆಗೆದು ಈರೇಶನ ತಲೆಯ ಮೇಲಿಟ್ಟ.

“ಏಳಲೇ. ಎಲ್ರೂ ತಪ್ತಾರೆ,” ಅಂದ. “ಇನ್ಮೇಲಾದ್ರೂ ನಿಯತ್ತಾಗಿರು.”

ಹೆಂಗಸರ ನಡುವೆ ಕೂತಿದ್ದ ಗಂಗಲಕ್ಷ್ಮಿ ಎದ್ದಳು. ಸೀರೆಗೆ ಹತ್ತಿದ ಮಣ್ಣು ಕೊಡವಿಕೊಂಡು, ಯಾರ ಕಡೆಗೂ ನೋಡದೆ ಮನೆಯ ದಾರಿ ಹಿಡಿದಳು.